ಬಾಗಿಲು ಮುಚ್ಚಿದ ಕೋಣೆಯ ತೀರ್ಪು

ನ್ಯಾಯಾಧೀಶನಾದವನು ತೀರ್ಪಿನೊಡನೆ ಕಾರಣಗಳನ್ನೂ ಬರೆಯಬೇಕು. ಬರೆದ ಕಾರಣ ದೋಷಯುಕ್ತವಾಗಿದ್ದರೆ ಮೇಲಿನ ನ್ಯಾಯಾಲಯದಲ್ಲಿ ಅದನ್ನು ಎತ್ತಿ ಆಡಬಹುದು. ಇಂಗ್ಲೆಂಡ್, ಅಮೆರಿಕಗಳ ಜ್ಯೂರಿಗೆ ಈ ಹೊರೆಯಿಲ್ಲ. ಹನ್ನೆರಡು ಮಂದಿ ಸಾಮಾನ್ಯ ಪ್ರಜೆಗಳು ಸಾಕ್ಷ್ಯವೆಲ್ಲವನ್ನೂ ಕೇಳಿದ ತರುವಾಯ ಒಂದು ಕೋಣೆಯನ್ನು ಹೊಕ್ಕು, ಬಾಗಿಲಿಕ್ಕಿಕೊಂಡು, ಗಂಟೆಗಟ್ಟಲೆಯೋ ದಿನಗಟ್ಟಲೆಯೋ ವಾದಿಸಿ, ಹೊರಬಂದು ‘ಅಪರಾಧಿ’ ಎಂದೋ ‘ನಿರಪರಾಧಿ’ ಎಂದೋ ನುಡಿದು ಮನೆಗೆ ತೆರಳುವರು. ಏಕೆಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಹಾಗಾದರೆ ಶಿಕ್ಷೆಗೊಳಗಾದವನು ಮರುವಿಚಾರಣೆಯನ್ನು ಯಾವ ಆಧಾರದ ಮೇಲೆ ಬೇಡಬೇಕು?

ಈ ಪ್ರಶ್ನೆಗೆ 1785ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡನು ಕೊಟ್ಟ ಉತ್ತರ ವಿಲಕ್ಷಣವಾದುದು. ಒಮ್ಮತಕ್ಕೆ ಬರಲಾರದ ಜ್ಯೂರರು ನಾಣ್ಯ ಚಿಮ್ಮಿದಂತೆ ಅದೃಷ್ಟದ ಮೇಲೆ ಭಾರ ಹಾಕಿ ತೀರ್ಪಿತ್ತರೆಂದು, ಜ್ಯೂರರದೇ ಪ್ರಮಾಣಪತ್ರಗಳನ್ನು ಆತನ ಮುಂದಿರಿಸಿದರು. ಆತನು ಅವನ್ನು ಸ್ವೀಕರಿಸಲಿಲ್ಲ. ಕಿಟಕಿಯಿಂದ ಇಣುಕಿ ಕಂಡ ಪರರು ಹೇಳಿದರೆ ಕೇಳಬಹುದು, ಜ್ಯೂರರ ಬಾಯಿಂದ ಬಂದುದನ್ನು ಕೇಳಲಾಗದು ಎಂದನು. ನಗು ಬರುವ ಮಾತಾದರೂ ಇದರ ಹಿಂದೆ ವಿವೇಕವಿಲ್ಲದಿಲ್ಲ. ಸೋತ ಪಕ್ಷದವರು ಜ್ಯೂರರ ಮನೆಬಾಗಿಲಿಗೆ ಎಡತಾಕತೊಡಗಿದರೆ ಯಾವ ತೀರ್ಪೂ ನಿಲ್ಲದು, ಯಾವ ಜ್ಯೂರರನೂ ಮನಬಿಚ್ಚಿ ಮಾತನಾಡನು.

(ನಮ್ಮ ದೇಶದ ಹಳೆಯ ಕಾನೂನಿನಲ್ಲಿ ಜ್ಯೂರಿಯ ಮಾತು ಇಷ್ಟು ಅಖಂಡವಾಗಿರಲಿಲ್ಲ. 1959ರ ನಾನಾವತಿ ಮೊಕದ್ದಮೆಯಲ್ಲಿ ಒಂಬತ್ತು ಜ್ಯೂರರಲ್ಲಿ ಎಂಟು ಮಂದಿ ನಿರಪರಾಧಿಯೆಂದರೂ, ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಒಪ್ಪಿಸಿದರು. ಹೈಕೋರ್ಟು ಶಿಕ್ಷೆ ವಿಧಿಸಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಂತೂ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ.)

ಮ್ಯಾನ್ಸ್‌ಫೀಲ್ಡನ ನಿಯಮ ಎಂತಹ ಇಕ್ಕಟ್ಟಿಗೆ ಒಯ್ಯಬಲ್ಲುದೆಂಬುದಕ್ಕೆ 1994ರಲ್ಲಿ ಇಂಗ್ಲೆಂಡಿನ ಹೋವ್ ಪಟ್ಟಣದ ನ್ಯಾಯಾಲಯದಲ್ಲಿ ನಡೆದ ಜೋಡಿ ಕೊಲೆಯೊಂದರ ಮೊಕದ್ದಮೆಯೇ ನಿದರ್ಶನ. ತೀರ್ಪಿನ ಹಿಂದಿನ ರಾತ್ರಿ ಜ್ಯೂರರನ್ನು ಹೋಟೆಲೊಂದರಲ್ಲಿ ಇಳಿಸಿದ್ದರು. ಅವರಲ್ಲಿ ನಾಲ್ವರು ಒಂದು ಕೊಠಡಿಯಲ್ಲಿ ಸೇರಿ, ಕಾಗದದ ಚೂರುಗಳ ಮೇಲೆ ಅಕ್ಷರಗಳನ್ನು ಬರೆದು ಹರಡಿ, ನಡುವೆ ಗಾಜಿನ ಲೋಟವೊಂದನ್ನು ಮಗುಚಿ, ಅದರ ಮೇಲೆ ಬೆರಳಿಟ್ಟು, ಕೊಲೆಯಾದವನ ಪ್ರೇತವನ್ನೇ ಸಾಕ್ಷಿಗೆ ಕರೆದರು. ಲೋಟ ಅಕ್ಷರದಿಂದಕ್ಷರಕ್ಕೆ ಸರಿದು ಆರೋಪಿಯ ಹೆಸರನ್ನೇ ಹೇಳಿತಂತೆ. ಮರುದಿನ ಜ್ಯೂರಿ ಅವನನ್ನು ಅಪರಾಧಿಯೆಂದಿತು. ಸುದ್ದಿ ಹೊರಬಿದ್ದು ಮೇಲ್ಮನವಿ ಬಂದಾಗ ನ್ಯಾಯಮೂರ್ತಿಗಳು, ಜ್ಯೂರಿಯ ಕೋಣೆಯೊಳಗಿನದನ್ನು ತಾವು ವಿಚಾರಿಸಲಾಗದು, ಆದರೆ ಹೋಟೆಲು ಆ ಕೋಣೆಯಲ್ಲವೆಂದು ಬಗೆದು, ಮರುವಿಚಾರಣೆಗೆ ಆಜ್ಞಾಪಿಸಿದರು. ಅದೇ ಲೋಟವನ್ನು ಜ್ಯೂರಿಯ ಮೇಜಿನ ಮೇಲೆಯೇ ಮಗುಚಿದ್ದರೆ ಈ ತರ್ಕ ದೊರೆಯುತ್ತಿರಲಿಲ್ಲ! ಎರಡನೆಯ ಜ್ಯೂರಿ, ಪ್ರೇತದ ನೆರವಿಲ್ಲದೆಯೇ, ಅವನನ್ನು ಮತ್ತೆ ಅಪರಾಧಿಯೆಂದಿತು.

ಅಮೆರಿಕದವರು ಇನ್ನೂ ಕಠಿಣರು. ಫ್ಲಾರಿಡಾದ ಒಂದು ವಂಚನೆಯ ಮೊಕದ್ದಮೆಯಲ್ಲಿ ಜ್ಯೂರರು ಮಧ್ಯಾಹ್ನ ಬಿಯರ್ ಕುಡಿದು, ಮಾದಕ ದ್ರವ್ಯ ಸೇವಿಸಿ, ವಿಚಾರಣೆಯ ವೇಳೆ ತೂಕಡಿಸಿದರೆಂದು ಜ್ಯೂರರೇ ಹೇಳಿದರೂ, 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು 5–4ರ ಬಹುಮತದಿಂದ ಅದನ್ನು ‘ಹೊರಗಿನ ಪ್ರಭಾವ’ವೆಂದು ಎಣಿಸಲಿಲ್ಲ.

ಆ ಗೋಡೆಯಲ್ಲಿ ಬಿರುಕು ಬಿಟ್ಟದ್ದು 2017ರಲ್ಲಿ. ಕೊಲೊರಾಡೊದ ವಿಚಾರಣೆಯೊಂದು ಮುಗಿದ ಬಳಿಕ ಇಬ್ಬರು ಜ್ಯೂರರು ಅಲ್ಲಿಯೇ ಉಳಿದು, ಹಿಂದೆ ಪೊಲೀಸು ಕೆಲಸದಲ್ಲಿದ್ದ ತಮ್ಮ ಜೊತೆಯವನೊಬ್ಬನು, ಮೆಕ್ಸಿಕೊ ಮೂಲದ ಗಂಡಸರು ಹೆಂಗಸರ ವಿಷಯದಲ್ಲಿ ಇಂತಹವರೇ ಎಂದು ವಾದಿಸಿದನೆಂದೂ, ಆರೋಪಿಯ ಪರ ಸಾಕ್ಷಿ ಕಾನೂನುಬದ್ಧ ನಿವಾಸಿಯಾಗಿದ್ದರೂ ಅವನನ್ನು ಅಕ್ರಮ ವಲಸೆಗಾರನೆಂದು ತಳ್ಳಿಹಾಕಿದನೆಂದೂ ವಕೀಲರಿಗೆ ತಿಳಿಸಿದರು. ಕೆಳಗಿನ ನ್ಯಾಯಾಲಯಗಳು ಹಳೆಯ ನಿಯಮವನ್ನೇ ಹಿಡಿದು ಮರುವಿಚಾರಣೆಯನ್ನು ನಿರಾಕರಿಸಿದವು. ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಕೆನಡಿಯವರು 5–3ರ ಬಹುಮತದ ತೀರ್ಪು ಬರೆದು, ಜ್ಯೂರರನು ಜನಾಂಗದ್ವೇಷದಿಂದಲೇ ಅಪರಾಧವನ್ನು ನಿರ್ಣಯಿಸಿದನೆಂಬುದು ಸ್ಪಷ್ಟವಾಗಿದ್ದಲ್ಲಿ ಸಹಜ್ಯೂರರ ಸಾಕ್ಷ್ಯವನ್ನು ಕೇಳಲೇಬೇಕೆಂದರು. ಅಮಲಿಗೂ ದ್ವೇಷಕ್ಕೂ ಸಂವಿಧಾನದಲ್ಲಿ ಭೇದವೆಲ್ಲಿದೆಯೆಂದು ನ್ಯಾಯಮೂರ್ತಿ ಅಲಿಟೊ ಭಿನ್ನಮತವಿತ್ತರು. ಅಮಲು ಎದುರಿಗಿರುವವನು ಯಾರೆಂದು ನೋಡಿ ಏರುವುದಿಲ್ಲ, ದ್ವೇಷವಾದರೋ ನೋಡಿಯೇ ಹುಟ್ಟುತ್ತದೆಯಾದ್ದರಿಂದ, ಕೆನಡಿಯವರ ಪಕ್ಷವೇ ನ್ಯಾಯವೆಂದು ನನ್ನ ಮತ. ಆದರೆ ತೆರೆದ ಬಾಗಿಲು ಅಷ್ಟೇ ಅಗಲ: ಕುಡಿದ, ತೂಕಡಿಸಿದ ಜ್ಯೂರರ ವಿರುದ್ಧ ಜ್ಯೂರರ ಸಾಕ್ಷ್ಯವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅಂದೂ ಒಪ್ಪಲಿಲ್ಲ.