ಕೊಟ್ಟಿಗೆಯ ಹಳೆಯ ಟೂರಿಂಗ್ ಕಾರು: ಒಡೆತನದ ಜಾಡು ಹಿಡಿಯುವುದು ಹೇಗೆ?

ಮಂಗಳೂರಿನ ನಂತೂರು ವೃತ್ತವನ್ನು ಅರಿಯದ ಬೆಳೆಗಾರರು ನಮ್ಮಲ್ಲಿ ವಿರಳ. ಮುಂಬಯಿ, ಗೋವೆಗಳ ಕಡೆಯಿಂದ ಕೇರಳಕ್ಕೆ ಹೋಗುವ ಹೆದ್ದಾರಿಯೂ, ಮೂಡಬಿದಿರೆ, ಕಾರ್ಕಳ, ಶೃಂಗೇರಿ, ತೀರ್ಥಹಳ್ಳಿಗಳ ಮೂಲಕ ಶಿವಮೊಗ್ಗಕ್ಕೆ ಏರುವ ಹೆದ್ದಾರಿಯೂ ಇಲ್ಲಿ ಕೂಡುತ್ತವೆ. ಮೊದಲು 17 ಮತ್ತು 13 ಎನಿಸಿಕೊಂಡಿದ್ದ ಈ ರಸ್ತೆಗಳಿಗೆ 2010ರ ಮರುಸಂಖ್ಯೆಯಲ್ಲಿ 66 ಮತ್ತು 169 ಎಂಬ ಹೊಸ ಸಂಖ್ಯೆಗಳು ಬಂದವು. ಸಂಖ್ಯೆ ಬದಲಾಯಿತು, ರಸ್ತೆ ಅದೇ. ಹಳೆಯ ಕಾರಿನ ಸಂಗತಿಯೂ ಹೀಗೆಯೇ. ಒಡೆಯರು ಬದಲಾಗುತ್ತಾರೆ, ನಂಬರು ಬದಲಾಗುತ್ತದೆ, ಸರಕಾರವೂ ಬದಲಾಗುತ್ತದೆ. ಕಾರು ಮಾತ್ರ ಅದೇ. ಅದು ಅದೇ ಎಂದು ತೋರಿಸಿಕೊಡುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ತೋಟದ ಹಳೆಯ ಮನೆಗಳಲ್ಲಿ ಇಂತಹ ಕಾರು ಕಟ್ಟಿಗೆ ಕೊಟ್ಟಿಗೆಯ ಮೂಲೆಯಲ್ಲಿ ಉಳಿದಿರುವುದುಂಟು. ಮನೆ ಪಾಲಾಗುವಾಗ ಅದು ಯಾರ ಪಾಲಿಗೂ ಬೇಡವಾಗಿ, ಕಬ್ಬಿಣದ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಅದರ ಕಾಗದಗಳು ಒಲೆ ಸೇರುತ್ತವೆ. ಹಾಗೆ ಹೋದದ್ದು ಮತ್ತೆ ಬರುವಂತಿಲ್ಲ.

ಟೂರಿಂಗ್ ಕಾರು ಎಂದರೇನು?

ತೆರೆದ ಮೈ, ಎರಡು ಸಾಲು ಆಸನ, ಹಿಂದಕ್ಕೆ ಮಡಿಸಬಹುದಾದ ಕ್ಯಾನ್ವಾಸಿನ ಹೊದಿಕೆ, ಬದಿಗಳಲ್ಲಿ ಗಾಜಿನ ಬದಲು ಬೇಕಾದಾಗ ಕಟ್ಟುವ ಪರದೆ, ಇವು ಟೂರಿಂಗ್ ಕಾರಿನ ಲಕ್ಷಣ. 1920ರ ದಶಕದ ಮಧ್ಯದವರೆಗೆ ಇದೇ ಸಾಮಾನ್ಯ ಮಾದರಿಯಾಗಿತ್ತು. 1908ರಲ್ಲಿ ಹೊರಬಂದ ಫೋರ್ಡ್ ‘ಟಿ’ ಮಾದರಿಯ ಟೂರಿಂಗ್ ಕಾರಿಗೆ ಅಮೆರಿಕದಲ್ಲಿ 850 ಡಾಲರು ಬೆಲೆಯಿತ್ತು. 1925ರ ಹೊತ್ತಿಗೆ ಅದು 300 ಡಾಲರಿಗೂ ಕೆಳಗಿಳಿಯಿತು. 1927ರವರೆಗೆ ಈ ಮಾದರಿಯ ಸುಮಾರು ಒಂದೂವರೆ ಕೋಟಿ ವಾಹನಗಳು ತಯಾರಾದವು. ಇತ್ತ ಜನರಲ್ ಮೋಟಾರ್ಸ್ ಕಂಪೆನಿ 1928ರಿಂದ ಮುಂಬಯಿಯಲ್ಲಿಯೇ ಷೆವರ್ಲೆ ವಾಹನಗಳನ್ನು ಜೋಡಿಸತೊಡಗಿತು.

ಅಷ್ಟೊಂದು ತಯಾರಾಗಿದ್ದರೂ ಉಳಿದವು ಕೆಲವೇ. ಆ ಕಾಲದ ಬಾಡಿಗೆ ಸಾಮಾನ್ಯವಾಗಿ ಮರದ ಚೌಕಟ್ಟು, ಅದರ ಮೇಲೆ ತಗಡು. ನಮ್ಮ ಮಳೆಗೂ ಗೆದ್ದಲಿಗೂ ಮರ ನಿಲ್ಲದು. ಎಷ್ಟೋ ಕಾರುಗಳ ಹಿಂಭಾಗವನ್ನು ಕತ್ತರಿಸಿ ಸಾಮಾನು ಸಾಗಿಸುವ ಗಾಡಿ ಮಾಡಿಕೊಂಡದ್ದೂ ಉಂಟು. ಆದುದರಿಂದ ಮೂಲ ಬಾಡಿಯೊಡನೆ ಉಳಿದ ಟೂರಿಂಗ್ ಕಾರಿಗೆ ಬೆಲೆ ಹೆಚ್ಚು.

ಚಾಸಿಸ್ ನಂಬರು ಸರ್ವೆ ನಂಬರಿದ್ದಂತೆ

ಜಾಗದ ಪಟ್ಟೆದಾರರ ಹೆಸರು ತಲೆಮಾರಿಗೊಮ್ಮೆ ಬದಲಾದರೂ ಜಾಗವನ್ನು ಗುರುತಿಸುವುದು ಸರ್ವೆ ನಂಬರಿನಿಂದ. ಕಾರಿಗೆ ಚಾಸಿಸ್ ನಂಬರು ಹಾಗೆ. ಇದಕ್ಕೆ ಪ್ರಸಿದ್ಧ ಉದಾಹರಣೆ ರೋಲ್ಸ್-ರಾಯ್ಸ್ ಕಂಪೆನಿಯ ‘ಸಿಲ್ವರ್ ಗೋಸ್ಟ್’. 1907ರಲ್ಲಿ 60551 ನಂಬರಿನ ಚಾಸಿಸ್ಸಿನ ಮೇಲೆ ಬಾರ್ಕರ್ ಎಂಬ ಸಂಸ್ಥೆಯವರು ತೆರೆದ ಟೂರಿಂಗ್ ಬಾಡಿ ಕಟ್ಟಿದರು. ಎಎಕ್ಸ್ 201 ಎಂಬ ನಂಬರು ಹೊತ್ತ ಅದು ಅದೇ ವರ್ಷ ಪರೀಕ್ಷಾರ್ಥವಾಗಿ 14,000 ಮೈಲಿಗೂ ಹೆಚ್ಚು ಓಡಿತು. 1908ರಲ್ಲಿ ಖಾಸಗಿಯವರಿಗೆ ಮಾರಾಟವಾಗಿ, ದೀರ್ಘಕಾಲ ದುಡಿದು, 1948ರಲ್ಲಿ ಕಂಪೆನಿಗೇ ಮರಳಿತು. ಚಾಸಿಸ್ ನಂಬರಿಗೆ ಹೊಂದುವ ದಾಖಲೆ ಉಳಿದುದರಿಂದಲೇ ಇದೇ ಆ ಕಾರು ಎಂಬುದರಲ್ಲಿ ಸಂದೇಹವಿಲ್ಲ.

ಎಲ್ಲ ಕಾರುಗಳಲ್ಲಿಯೂ ನಂಬರು ಒಂದೇ ಕಡೆ ಇರುವುದಿಲ್ಲ. ಫೋರ್ಡ್ ‘ಟಿ’ ಮಾದರಿಯಲ್ಲಿ ಇಂಜಿನ್ ಬ್ಲಾಕಿನ ಎಡಬದಿಯಲ್ಲಿ ಕೊರೆದ ನಂಬರೇ ಕಾರಿನ ನಂಬರು. ಇಂಜಿನ್ ಬದಲಿಸಿದ್ದರೆ ಗುರುತೇ ಬದಲಾದಂತೆ. ತುಕ್ಕು ತೆಗೆಯಲು ಅರವನ್ನೋ ಗ್ರೈಂಡರನ್ನೋ ಹಾಕಿ ಉಜ್ಜಬೇಡಿ. ನಂಬರು ಅಳಿದರೆ ಕಾರು ಅನಾಥವಾಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಛಾಯಾಚಿತ್ರ ತೆಗೆದಿಟ್ಟುಕೊಳ್ಳಿ.

ಕಾಗದಗಳು ಎಲ್ಲಿ ಸಿಕ್ಕಾವು?

ನಮ್ಮ ಕಡೆಯ ಕಾರುಗಳಿಗೆ ಒಂದು ವಿಶೇಷ ತೊಡಕಿದೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಮೈಸೂರಿನವು. ಅಂದಿನಿಂದ ಕಾಸರಗೋಡು ಕೇರಳಕ್ಕೆ ಸೇರಿತು. ಆದುದರಿಂದ ಘಟ್ಟದ ಮೇಲೆ ಕೊಂಡು ಕೆಳಗೆ ಮಾರಿದ ಒಂದೇ ಕಾರಿನ ದಾಖಲೆ ಎರಡು ಮೂರು ಆಡಳಿತಗಳಲ್ಲಿ ಹಂಚಿಹೋಗಿರಬಹುದು. ಕಾನೂನೂ 1914, 1939 ಮತ್ತು 1988ರ ಮೂರು ಕಾಯಿದೆಗಳನ್ನು ದಾಟಿ ಬಂದಿದೆ. ಇಂದಿನ ಮಂಗಳೂರಿನ ಕೆಎ 19, ಪುತ್ತೂರಿನ ಕೆಎ 21, ಮಡಿಕೇರಿಯ ಕೆಎ 12 ಎಂಬ ಗುರುತುಗಳೆಲ್ಲ ಕೊನೆಯ ಕಾಯಿದೆಯ ಕಾಲದವು.

ಹಾಗಾಗಿ ಮನೆಯ ಪೆಟ್ಟಿಗೆಯನ್ನೇ ಮೊದಲು ಹುಡುಕಬೇಕು. ನೋಂದಣಿ ಪುಸ್ತಕ, ತೆರಿಗೆ ರಸೀದಿ, ಎರಡನೆಯ ಮಹಾಯುದ್ಧ ಕಾಲದ ಪೆಟ್ರೋಲ್ ರೇಷನ್ ಚೀಟಿ, ಮೂರನೆಯವರ ವಿಮೆ ಕಡ್ಡಾಯವಾದ 1946ರ ನಂತರದ ವಿಮಾ ಪಾಲಿಸಿ, ಕಾರನ್ನು ಚರಾಸ್ತಿಯೆಂದು ಕಾಣಿಸಿದ ಪಾಲುಪಟ್ಟಿ, ಅಜ್ಜನ ಖರ್ಚಿನ ಪುಸ್ತಕ, ನಂಬರು ಕಾಣುವ ಮದುವೆಯ ಫೋಟೋ, ಇವೆಲ್ಲ ಜಾಡಿನ ಕೊಂಡಿಗಳು. ಇವುಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸಿ. ಮನೆಯ ಹಿರಿಯರು ಹೇಳಿದ್ದನ್ನು ತಾರೀಕು ಹಾಕಿ ಬರೆದಿಡಿ. ಆದರೆ ಕೇಳಿದ ಮಾತನ್ನೂ ಕಾಗದದ ಆಧಾರವನ್ನೂ ಬೆರೆಸಬೇಡಿ.

ಈಗಿನ ನಿಯಮ

ಕೇಂದ್ರ ಸರಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ಕಾರು ಅಥವಾ ಬೈಕಿನ ಚಾಸಿಸ್, ಬಾಡಿ, ಇಂಜಿನ್‌ಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ. ಹೊಸ ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಮೊದಲೇ ನೋಂದಣಿಯಾದ ವಾಹನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಇಂತಹ ವಾಹನವನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವುದು ಮುಂತಾದವುಗಳಿಗೆ ರಸ್ತೆಗಿಳಿಸಬಹುದು. ದಿನಬಳಕೆಗೂ ಬಾಡಿಗೆಗೂ ಅಲ್ಲ. ಭಾರತದಲ್ಲಿ ಹಿಂದೆ ನೋಂದಣಿಯಾಗಿದ್ದ ವಾಹನಕ್ಕೆ ಹಳೆಯ ನೋಂದಣಿ ಪತ್ರ ಬೇಕು. ಒಲೆಗೆ ಹಾಕಿದ ಕಾಗದದ ಬೆಲೆ ಆಗ ತಿಳಿಯುತ್ತದೆ.

ಒಡೆಯರು ತೀರಿಕೊಂಡಲ್ಲಿ ವಾರಸುದಾರರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕು. ನಮ್ಮಲ್ಲಿ ಜಾಗದ ಖಾತೆ ಬದಲಾವಣೆಗೆ ತೋರುವ ಕಾಳಜಿ ವಾಹನಕ್ಕಿಲ್ಲ. ಜಾಡು ಕಡಿಯುವುದು ಹೆಚ್ಚಾಗಿ ಇಲ್ಲಿಯೇ.

ಹಳೆಯ ಕಾರುಗಳನ್ನು ಹೇಗೆ ಕಾಪಾಡಬಹುದೆಂದು ನೋಡಬಯಸುವವರು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವನ್ನೂ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವನ್ನೂ ನೋಡಬಹುದು. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಕೂಡಿಬಂದ ಸಂಗ್ರಹಗಳಿವು.

ಸದಸ್ಯ ಬಂಧುಗಳಲ್ಲಿ ನಮ್ಮ ಸೂಚನೆ ಇಷ್ಟೇ: ಕೊಟ್ಟಿಗೆಯಲ್ಲಿ ಹಳೆಯ ಕಾರಿದ್ದರೆ ನೆಲದ ಪಸೆ ತಾಗದಂತೆ ಹಲಗೆಯ ಮೇಲೆ ನಿಲ್ಲಿಸಿ, ಗೆದ್ದಲು ನೋಡಿಕೊಳ್ಳಿ, ನಂಬರನ್ನು ಬರೆದಿಟ್ಟುಕೊಳ್ಳಿ, ಕಾಗದಗಳನ್ನು ಜಾಗದ ದಾಖಲೆಗಳ ಜತೆಯಲ್ಲಿಯೇ ಇಡಿ. ಮಾರುವುದೋ ಉಳಿಸುವುದೋ ಆಮೇಲಿನ ಮಾತು. ಮಾರುವುದಾದರೂ ಕಾಗದವಿರುವ ಕಾರಿಗೆ ಕಾರಿನ ಬೆಲೆ, ಕಾಗದವಿಲ್ಲದ್ದಕ್ಕೆ ಕಬ್ಬಿಣದ ಬೆಲೆ.