ಫಿಲ್ಟರ್ ತೊಳೆದಷ್ಟೂ ಮೀನಿಗೆ ಒಳ್ಳೆಯದೇ?

ಮುಂಬಯಿ ಬಳಿಯ ಡೊಂಬಿವಲಿ, ಕಲ್ಯಾಣದ ಪುಟ್ಟ ಫ್ಲ್ಯಾಟುಗಳಲ್ಲೂ ಟಿವಿ ಪಕ್ಕದಲ್ಲಿ ಎರಡಡಿ ಉದ್ದದ ಮೀನಿನ ಟ್ಯಾಂಕ್ ಕಾಣಸಿಗುತ್ತದೆ. ತಂದ ಮೀನು ಹದಿನೈದು ದಿನದಲ್ಲಿ ಸತ್ತರೆ ಅಂಗಡಿಯವನನ್ನು ದೂರುತ್ತೇವೆ. ಹೆಚ್ಚಿನ ಸಲ ತಪ್ಪಿರುವುದು ಫಿಲ್ಟರ್ ಬಗ್ಗೆ ನಾವೇ ಬೆಳೆಸಿಕೊಂಡ ನಂಬಿಕೆಗಳಲ್ಲಿ.

ನೀರು ತಿಳಿಯಾಗಿದ್ದರೆ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ಫಳಫಳ ಹೊಳೆಯುವ ನೀರಿನಲ್ಲೂ ಮೀನು ಸಾಯುವಷ್ಟು ಅಮೋನಿಯಾ ಇರಬಹುದು. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವುದು ಫಿಲ್ಟರಿನ ಸ್ಪಂಜಿನಲ್ಲೂ ಟ್ಯಾಂಕಿನ ಕಲ್ಲುಗಳ ಮೇಲೂ ನೆಲೆಸುವ ಬ್ಯಾಕ್ಟೀರಿಯಾ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾ ಬೇರೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹೊಸ ಟ್ಯಾಂಕಿಗೆ ಮೊದಲ ದಿನವೇ ಹತ್ತು ಮೀನು ಬಿಟ್ಟರೆ ಏನಾಗುತ್ತದೆಂದು ಇದರಿಂದಲೇ ತಿಳಿಯುತ್ತದೆ.

ಇದು ಗೊತ್ತಿಲ್ಲದೆ ಭಾನುವಾರ ಬಂತೆಂದರೆ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ತಿಕ್ಕುತ್ತೇವೆ. ಕಲ್ಯಾಣ-ಡೊಂಬಿವಲಿಗೆ ಬರುವ ಉಲ್ಹಾಸ್ ನದಿಯ ನೀರಾಗಲಿ, ನವಿಮುಂಬಯಿಗೆ ಬರುವ ಮೊರ್ಬೆ ಅಣೆಕಟ್ಟಿನ ನೀರಾಗಲಿ, ಕ್ಲೋರಿನ್ ಬೆರೆತೇ ನಲ್ಲಿ ಸೇರುತ್ತದೆ. ನಮಗೆ ಅದು ರಕ್ಷಣೆ, ಸ್ಪಂಜಿನ ಬ್ಯಾಕ್ಟೀರಿಯಾಕ್ಕೆ ಸಾವು. ಸರಿಯಾದ ಕ್ರಮ ಸುಲಭ: ನೀರು ಬದಲಿಸುವ ದಿನ ಟ್ಯಾಂಕಿನಿಂದ ತೆಗೆದ ನೀರನ್ನೇ ಒಂದು ಬಕೆಟ್‌ನಲ್ಲಿಟ್ಟು, ಸ್ಪಂಜನ್ನು ಅದರಲ್ಲಿ ಎರಡು ಮೂರು ಸಲ ಮೆತ್ತಗೆ ಹಿಂಡಿ. ಕಾಫಿ ಬಣ್ಣದ ರಾಡಿ ಇಳಿಯುತ್ತದೆ, ಸ್ಪಂಜ್ ಇನ್ನೂ ಕಂದಾಗಿಯೇ ಇರುತ್ತದೆ. ಹಾಗೆಯೇ ಇರಬೇಕು. ಬಕೆಟ್‌ನ ನೀರನ್ನು ಗ್ಯಾಲರಿಯ ತುಳಸಿ ಕುಂಡಕ್ಕೆ ಸುರಿಯಿರಿ, ಗಿಡಕ್ಕೆ ಅದು ಗೊಬ್ಬರ. ಟ್ಯಾಂಕಿಗೆ ಹೊಸದಾಗಿ ಹಾಕುವ ನೀರಿಗೂ ಕ್ಲೋರಿನ್ ತೆಗೆಯುವ ಹನಿ ಬೆರೆಸಲೇಬೇಕು.

ಗುಳ್ಳೆ ಹೆಚ್ಚಿದ್ದರೆ ಆಮ್ಲಜನಕ ಹೆಚ್ಚು ಎನ್ನುವುದು ಅರ್ಧ ಸತ್ಯ. ನೀರಿಗೆ ಗಾಳಿ ಬೆರೆಯುವುದು ಬಹುಪಾಲು ಮೇಲ್ಮೈಯಲ್ಲಿ. ಗುಳ್ಳೆಗಳು ಏರುತ್ತಾ ಅಡಿಯ ನೀರನ್ನು ಮೇಲಕ್ಕೆ ತರುತ್ತವೆ, ಅದೇ ಅವುಗಳ ಮುಖ್ಯ ಉಪಕಾರ. ಬೇಸಿಗೆಯಲ್ಲಿ ಇದು ಜೀವನ್ಮರಣದ ಪ್ರಶ್ನೆ: 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7.5 ಮಾತ್ರ. ಫಿಲ್ಟರಿನ ನೀರು ಹೊರಬೀಳುವ ಬಾಯಿಯನ್ನು ಮೇಲ್ಮೈ ಅಲುಗುವಂತೆ ತಿರುಗಿಸಿ. ಒಂದು ಚಿಟಿಕೆ ಆಹಾರ ಉದುರಿಸಿ ಅದು ಎಲ್ಲಿ ತಂಗುತ್ತದೆ ನೋಡಿ. ಕಸ ಕೂಡುವ, ನೀರು ಓಡಾಡದ ಮೂಲೆ ಅದೇ.

ಹಾಗೆಂದು ದೊಡ್ಡ ಪಂಪೇ ಬೇಕೆಂದಲ್ಲ. 60×30×30 ಸೆಂ.ಮೀ. ಟ್ಯಾಂಕ್ ಹಿಡಿಯುವುದು 54 ಲೀಟರ್. ಗಂಟೆಗೆ ಅದರ ನಾಲ್ಕೈದು ಪಟ್ಟು, ಅಂದರೆ 220-270 ಲೀಟರ್ ಹರಿದರೆ ಸಾಕು. ಡಬ್ಬಿಯ ಮೇಲಿನ ಅಂಕಿ ಖಾಲಿ ಪಂಪಿನದು, ಸ್ಪಂಜ್ ತುಂಬಿದ ಮೇಲೆ ಹರಿವು ಇಳಿಯುತ್ತದೆ, ಆದ್ದರಿಂದ ಸ್ವಲ್ಪ ಹೆಚ್ಚಿನದನ್ನೇ ಆರಿಸಿ. ಬೆಟ್ಟಾ ಮೀನಿಗೆ ರಭಸ ಆಗದು. ಏರ್ ಪಂಪಿನ ಸ್ಪಂಜ್ ಫಿಲ್ಟರ್ ಅದಕ್ಕೆ ಹಿತ. ಗೋಲ್ಡ್‌ಫಿಶ್ ಹೊಲಸು ಮಾಡುವುದು ಜಾಸ್ತಿ, ಟ್ಯಾಂಕೂ ಫಿಲ್ಟರೂ ದೊಡ್ಡದಿರಲಿ. ಟ್ಯಾಂಕಿನ ಹೊರಗಿಡುವ ದುಬಾರಿ ಕ್ಯಾನಿಸ್ಟರ್ ಫಿಲ್ಟರ್ ಸಾಮಾನ್ಯ ಮನೆಯ ಎರಡಡಿ ಟ್ಯಾಂಕಿಗೆ ಅನಗತ್ಯ ಖರ್ಚು.

ಕರೆಂಟ್ ಉಳಿಸಲು ರಾತ್ರಿ ಫಿಲ್ಟರ್ ಆರಿಸುವವರೂ ಇದ್ದಾರೆ. 5 ವ್ಯಾಟ್‌ನ ಫಿಲ್ಟರ್ ತಿಂಗಳಿಡೀ ಓಡಿದರೂ ಆಗುವುದು 3.6 ಯೂನಿಟ್. ದುರಸ್ತಿಗೆಂದು ಕರೆಂಟ್ ತೆಗೆಯುವ ದಿನ ಮೀನಿಗೆ ಆಹಾರ ಹಾಕಬೇಡಿ, ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ. ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಅದರೊಳಗೆ ಕೊಳೆತ ನೀರನ್ನು ಚೆಲ್ಲಿ, ಆಮೇಲಷ್ಟೇ ಸ್ವಿಚ್ ಹಾಕಿ.