ಅಂಚೆಯ ಮೂಲಕ ತರಿಸುವ ತೋಟದ ಸಸಿಗಳು

ದೇವನೂರಿನ ಸುತ್ತಣ ಭೂಮಾಲೀಕರು ಚಿತ್ರಪಟ್ಟಿಯನ್ನು ನೋಡಿ ದೂರದ ಸಸ್ಯಾಗಾರಗಳಿಗೆ ಹಣ ಕಳುಹಿಸುವ ಮುನ್ನ ಒಂದು ಭೇದವನ್ನು ಅರಿಯತಕ್ಕದ್ದು. ಗುಲಾಬಿಯಲ್ಲಿ ಮೋಸವಾದರೆ ವರ್ಷದೊಳಗೆ ತಿಳಿದುಹೋಗುವುದು, ನಷ್ಟವೂ ಅಲ್ಪ. ತೆಂಗಿನ ಸಂಗತಿ ಹಾಗಲ್ಲ. ಎತ್ತರದ ಜಾತಿಯು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಅಷ್ಟು ಕಾಲ ನೀರೆರೆದು ಗೊಬ್ಬರವಿಕ್ಕಿದ ಮೇಲೆ ತಳಿ ಬೇರೆಯೆಂದು ಕಂಡುಬಂದರೆ, ಸಸಿಯ ಬೆಲೆ ಹಿಂದಕ್ಕೆ ಬಂದರೂ ಪ್ರಯೋಜನವೇನು? ಆದಕಾರಣ ತೆಂಗಿನ ಸಸಿಯನ್ನು ಕಣ್ಣಾರೆ ನೋಡದೆ ಕೊಳ್ಳಲಾಗದು. ಒಂಬತ್ತರಿಂದ ಹನ್ನೆರಡು ತಿಂಗಳ ಸಸಿಗೆ ಕನಿಷ್ಠ 6 ಗರಿಗಳೂ ಬುಡದಲ್ಲಿ 10 ಸೆಂಟಿಮೀಟರು ಸುತ್ತಳತೆಯೂ ಇರಬೇಕು. ಗರಿ ಬೇಗ ಸೀಳಿದ್ದರೆ ಇನ್ನೂ ಉತ್ತಮ. ತೆಂಗಿನ ಸಂಶೋಧನ ಕೇಂದ್ರವು ನೆರೆಯ ಅರಸೀಕೆರೆಯಲ್ಲಿಯೇ ಇರುವುದರಿಂದ, ತಿಪಟೂರು ಎತ್ತರದ ತಳಿಯ ಸಸಿಗಾಗಿ ಮೊದಲು ಅಲ್ಲಿ ವಿಚಾರಿಸುವುದು ಮೇಲು. ಊರಿನ ಮುಖಂಡರು ಹತ್ತು ಮಂದಿಯ ಬೇಡಿಕೆಯನ್ನು ಕೂಡಿಸಿ, ತಿಳಿವಳಿಕೆಯುಳ್ಳ ಒಬ್ಬನನ್ನು ಕಳುಹಿಸಿದರೆ ಖರ್ಚೂ ಹಗುರ.

ಕಸಿಮಾಡಿದ ಮಾವು, ಸಪೋಟಗಳನ್ನು ಅಂಚೆಯಲ್ಲಿ ತರಿಸಬಹುದು; ಬೇಸಗೆಯಲ್ಲಿ ಮಾತ್ರ ಬೇಡ. ಬೇಕಾದ ತಳಿಯ ಹೆಸರನ್ನು ಕಾಗದದಲ್ಲಿ ಸ್ಪಷ್ಟವಾಗಿ ಬರೆದು, ರಸೀದಿಯನ್ನೂ ಗಿಡಕ್ಕೆ ಕಟ್ಟಿದ ಚೀಟಿಯನ್ನೂ ಜೋಪಾನವಾಗಿಡತಕ್ಕದ್ದು. ಪಾರ್ಸಲು ಬಂದೊಡನೆ ಬಿಚ್ಚಿ ಕಸಿಯ ಗಂಟನ್ನು ಪರೀಕ್ಷಿಸಬೇಕು. ಗಂಟಿನ ಕೆಳಗೆ ಒಡೆದ ಚಿಗುರು ಬೇರುಗಿಡದ್ದಾದುದರಿಂದ ಅದನ್ನು ಚಿವುಟಿ ಹಾಕಬೇಕು. ಬೇರಿನ ಮಣ್ಣು ಉದುರದಂತೆ ಹತ್ತು ದಿನ ನೆರಳಿನಲ್ಲಿಟ್ಟು, ಮುಂಗಾರಿನಲ್ಲಿ ನೆಲ ನೆನೆದ ಮೇಲೆ, ಗಂಟು ಮಣ್ಣಿನ ಮೇಲುಳಿಯುವಂತೆ ನೆಡತಕ್ಕದ್ದು.